ನಾವು ತೆಗೆಯದ ಚಿತ್ರಕ್ಕೆ ಯಾರು ಹೊಣೆ? ಅಲ್ಟ್ರಾಸೌಂಡ್ ತಂತ್ರಜ್ಞರಲ್ಲಿ ಒಂದು ಪ್ರಶ್ನೆ

ಮಂದಬೆಳಕು:

ಅಲ್ಟ್ರಾಸೌಂಡ್ ತಂತ್ರಜ್ಞೆಯಾಗಿ ಕೆಲಸಕ್ಕೆ ಸೇರಿ ನನಗೆ ಮೂರು ವರ್ಷ ತುಂಬುತ್ತಾ ಬಂದಿದೆ. ಕಳೆದ ತಿಂಗಳು ನಡೆದ ಒಂದು ಸಂಗತಿ ಮನಸ್ಸಿನಿಂದ ಹೋಗದೆ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವೆಂದು ಬಂದಿದ್ದ ನಡುವಯಸ್ಸಿನ ಮಹಿಳೆಯೊಬ್ಬರ ಹೊಟ್ಟೆಯ ಸ್ಕ್ಯಾನ್ ಮಾಡಿದೆ. ಅವರು ಎಂಟು ಗಂಟೆಗಳಿಂದ ಏನೂ ತಿಂದಿರಲಿಲ್ಲವಾದ್ದರಿಂದ ಪಿತ್ತಕೋಶ ಚೆನ್ನಾಗಿ ತುಂಬಿಕೊಂಡಿತ್ತು. ಅದರ ಗೋಡೆ 3 ಮಿ.ಮೀ.ಗಿಂತ ತೆಳುವಾಗಿತ್ತು, ಒಳಗೆಲ್ಲ ಕಪ್ಪಗೆ, ಶುಭ್ರವಾಗಿ ಕಾಣುತ್ತಿತ್ತು. ಅಂಗಾತ ಮಲಗಿದ್ದಂತೆಯೇ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಚಿತ್ರ ತೆಗೆದು ಮುಂದಿನ ಅಂಗಕ್ಕೆ ಹೋದೆ. ಅವರು "ಕಲ್ಲೇನಾದರೂ ಇದೆಯಾ, ಮೇಡಂ?" ಎಂದು ಕೇಳಿದರು. "ಏನೂ ಕಾಣುತ್ತಿಲ್ಲ, ಗಾಬರಿಯಾಗಬೇಡಿ" ಎಂದುಬಿಟ್ಟೆ. ರೇಡಿಯಾಲಜಿಸ್ಟ್ ನಾನು ಕಳುಹಿಸಿದ ಚಿತ್ರಗಳನ್ನು ನೋಡಿ ಪಿತ್ತಕೋಶ ಸಹಜವಾಗಿದೆ ಎಂದು ವರದಿ ಬರೆದರು.

ಎಂಟನೆಯ ದಿನ ಅದೇ ಮಹಿಳೆ ಜ್ವರ ಮತ್ತು ತಡೆಯಲಾಗದ ನೋವಿನೊಂದಿಗೆ ಮರಳಿ ಬಂದರು. ನನ್ನ ಸಹೋದ್ಯೋಗಿ ಅವರನ್ನು ಎಡ ಮಗ್ಗುಲಿಗೆ ಹೊರಳಿಸಿ ನೋಡಿದಾಗ ಪಿತ್ತಕೋಶದ ಕತ್ತಿನಲ್ಲಿ, ಎಂದರೆ ಅದರ ಕಿರಿದಾದ ತುದಿಯಲ್ಲಿ, ಒಂದು ಕಲ್ಲು ಸಿಕ್ಕಿಕೊಂಡಿತ್ತು. ಪಕ್ಕದ ಕೋಣೆಯಲ್ಲಿದ್ದ ನನ್ನನ್ನು ಗುರುತಿಸಿ ಆಕೆ ಹೇಳಿದ್ದು ಒಂದೇ ಮಾತು: "ಅವತ್ತು ನೀವು ಏನೂ ಇಲ್ಲ ಅಂದಿದ್ರಿ." ಶಸ್ತ್ರಚಿಕಿತ್ಸೆಯಾಗಿ ಅವರೀಗ ಚೇತರಿಸಿಕೊಂಡಿದ್ದಾರೆ. ನನ್ನ ಮೇಲೆ ಯಾರೂ ದೂರು ಕೊಟ್ಟಿಲ್ಲ. ವರದಿಗೆ ಸಹಿ ಹಾಕಿದವರು ವೈದ್ಯರು, ಆದರೆ ಆ ಕತ್ತಿನ ಚಿತ್ರವನ್ನು ತೆಗೆಯದೆ ಬಿಟ್ಟವಳು ನಾನು. ಈ ವೃತ್ತಿಯಲ್ಲಿ ನಮ್ಮ ಹೊಣೆ ನಿಜವಾಗಿ ಎಲ್ಲಿಂದ ಎಲ್ಲಿಯವರೆಗೆ ಇರುತ್ತದೆ ಎಂಬುದನ್ನು ಅನುಭವಸ್ಥರು ಹೇಳಬೇಕೆಂದು ಕೋರುತ್ತೇನೆ.

ಹಳೆಯ ಪ್ರೋಬ್:

ಮಂದಬೆಳಕು ಅವರೇ, ಇಪ್ಪತ್ತೆರಡು ವರ್ಷಗಳಿಂದ ಪ್ರೋಬ್ (ಮೈಮೇಲಿಟ್ಟು ಶಬ್ದ ಕಳುಹಿಸುವ ಉಪಕರಣ) ಹಿಡಿದಿರುವ ನನ್ನ ಕೈಯಿಂದಲೂ ಇಂಥದ್ದು ಒಂದಕ್ಕಿಂತ ಹೆಚ್ಚು ಬಾರಿ ತಪ್ಪಿಹೋಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎಕ್ಸ್-ರೇ, ಸಿ.ಟಿ. ವಿಭಾಗದ ಗೆಳೆಯರಿಗೆ ಈ ಸಂಕಟ ಇಷ್ಟು ತೀವ್ರವಾಗಿ ಅರ್ಥವಾಗುವುದಿಲ್ಲ. ಸಿ.ಟಿ. ಯಂತ್ರ ಇಡೀ ಹೊಟ್ಟೆಯನ್ನು ಹೋಳುಹೋಳಾಗಿ ಹಿಡಿದಿಡುತ್ತದೆ; ಇಂದು ಕಣ್ಣಿಗೆ ಬೀಳದ್ದನ್ನು ನಾಳೆ ಮತ್ತೆ ತೆರೆದು ಹುಡುಕಬಹುದು. ನಮ್ಮಲ್ಲಿ ಹಾಗಿಲ್ಲ. ಪ್ರೋಬಿನಿಂದ ಹೊರಡುವ ಶಬ್ದದ ಹಾಳೆ ಕೆಲವೇ ಮಿ.ಮೀ. ದಪ್ಪದ್ದು, ಅದನ್ನು ಯಾವ ಕಡೆಗೆ ಓರೆ ಮಾಡಬೇಕೆಂಬುದನ್ನು ನಿರ್ಧರಿಸುವುದು ಮಣಿಕಟ್ಟು. ಆ ಹಾಳೆ ತಾಗದೆ ಉಳಿದ ಜಾಗ ಕಡತದಲ್ಲಿ ಎಲ್ಲಿಯೂ ಇರುವುದಿಲ್ಲ.

ಪಿತ್ತಕೋಶದ ಕತ್ತು ಹಾಗೆ ಉಳಿದುಹೋಗುವ ಜಾಗಗಳಲ್ಲಿ ಒಂದು. ಅಲ್ಲಿ ಅದು ಮಡಿಚಿಕೊಂಡಿರುತ್ತದೆ. ಆ ಮಡಿಕೆಯ ಅಂಚಿನಿಂದಲೇ ಒಂದು ನೆರಳು ಬೀಳುವುದರಿಂದ ಕಲ್ಲು ಶಬ್ದವನ್ನು ತಡೆದು ತನ್ನ ಹಿಂದೆ ಬೀಳಿಸುವ ನೆರಳನ್ನೂ ನಾವು ಅಂಚಿನ ನೆರಳೆಂದೇ ಭಾವಿಸಿ ಸುಮ್ಮನಾಗುತ್ತೇವೆ. ಎಡ ಮಗ್ಗುಲಿಗೆ ಹೊರಳಿಸಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಸಡಿಲವಾಗಿರುವ ಕಲ್ಲು ಉರುಳುತ್ತದೆ. ಉರುಳಿದರೆ ಅದು ಗೋಡೆಗಂಟಿ ಬೆಳೆದ ಗಂಟು (ಪಾಲಿಪ್) ಅಲ್ಲ ಎಂಬುದೂ ಅದೇ ಕ್ಷಣದಲ್ಲಿ ತಿಳಿಯುತ್ತದೆ. ಹೊರಳಿಸಿದರೂ ಕತ್ತು ಬಿಟ್ಟು ಕದಲದಿದ್ದರೆ ಅದು ಸಿಕ್ಕಿಕೊಂಡಿದೆ ಎಂದರ್ಥ, ಮತ್ತು ಅದು ತಕ್ಷಣ ಹೇಳಬೇಕಾದ ಸುದ್ದಿ.

ಇನ್ನೊಂದು ಮಾತು. ಚಿಕ್ಕ ಕಲ್ಲಿನ ನೆರಳು ಕಾಣಬೇಕಾದರೆ ಫೋಕಸ್ ಆ ಕಲ್ಲಿನ ಆಳದಲ್ಲಿಯೇ ಇರಬೇಕು, ರೋಗಿಯ ಮೈ ಒಪ್ಪುವಷ್ಟು ಹೆಚ್ಚಿನ ಫ್ರೀಕ್ವೆನ್ಸಿ ಇರಬೇಕು. ಚಿತ್ರವನ್ನು ನುಣುಪಾಗಿಸುವ ಕಾಂಪೌಂಡಿಂಗ್ ಸೌಲಭ್ಯವನ್ನು ಒಂದು ಗಳಿಗೆ ಆರಿಸಿ ನೋಡಿರಿ. ಅದು ಹಲವು ಕೋನಗಳಿಂದ ಶಬ್ದ ಕಳುಹಿಸುವುದರಿಂದ ನೆರಳೂ ಮಸುಕಾಗುತ್ತದೆ. ಕಣ್ಣಿಗೆ ಹಿತವಾಗುವ ಚಿತ್ರವೇ ಒಳ್ಳೆಯ ಚಿತ್ರವೆಂದು ನಂಬಿದವರು ಈ ಜಾಗದಲ್ಲಿ ಮೋಸಹೋಗುತ್ತಾರೆ.

ಕಡೆಯದಾಗಿ ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಹೊರಳಿಸಿ ನೋಡಬೇಕೆಂಬುದು ಮೂರು ವರ್ಷ ಕೆಲಸ ಮಾಡಿದ ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಆಕೆ ಆ ದಿನ ನಿಮ್ಮ ಎಷ್ಟನೆಯ ರೋಗಿ?

ಕತ್ತಲೆಕೋಣೆ:

ನಾನು ತಂತ್ರಜ್ಞನಲ್ಲ, ನಿಮ್ಮ ಚಿತ್ರಗಳನ್ನು ಓದಿ ವರದಿ ಬರೆಯುವ ರೇಡಿಯಾಲಜಿಸ್ಟ್. ಆ ನಾಲ್ಕು ಚಿತ್ರ ನನ್ನ ಮುಂದೆ ಬಂದಿದ್ದರೆ ನಾನೂ ಬಹುಶಃ ಸಹಜವೆಂದೇ ಬರೆಯುತ್ತಿದ್ದೆ, ಮತ್ತು ಆ ತಪ್ಪಿನಲ್ಲಿ ನನ್ನ ಪಾಲು ನಿಮ್ಮದಕ್ಕಿಂತ ಕಡಿಮೆಯಿರುತ್ತಿರಲಿಲ್ಲ. ಬಲ ಪಕ್ಕೆಯ ನೋವೆಂದು ಚೀಟಿಯಲ್ಲಿ ಬರೆದಿರುವಾಗ ಮಗ್ಗುಲ ಚಿತ್ರವೇಕಿಲ್ಲ ಎಂದು ಎದ್ದು ಹೋಗಿ ಕೇಳುವುದು ನನ್ನ ಕೆಲಸ.

ಆದರೆ ನಿಮ್ಮಿಂದ ಮಾತ್ರ ನನಗೆ ಸಿಗಬಹುದಾದ ಒಂದು ಸಂಗತಿಯಿದೆ, ಅದು ಯಾವ ಚಿತ್ರದಲ್ಲಿಯೂ ಬರುವುದಿಲ್ಲ. ಪ್ರೋಬನ್ನು ನೇರವಾಗಿ ಪಿತ್ತಕೋಶದ ಮೇಲಿಟ್ಟು ಒತ್ತಿದಾಗ ರೋಗಿ ಹೌಹಾರಿದರೇ? ಬೇರೆ ಕಡೆ ಒತ್ತಿದಾಗಲೂ ಅಷ್ಟೇ ನೋವಾಯಿತೇ, ಅಥವಾ ಅಲ್ಲಿಯೇ ಹೆಚ್ಚಾಯಿತೇ? ಇದನ್ನು ಮರ್ಫಿ ಚಿಹ್ನೆ ಎನ್ನುತ್ತೇವೆ. ಕಲ್ಲಿನ ಜೊತೆ ಈ ಚಿಹ್ನೆಯೂ ಇದ್ದರೆ ಪಿತ್ತಕೋಶ ಉರಿಯೂತಕ್ಕೆ ಒಳಗಾಗಿದೆ ಎಂಬ ಅನುಮಾನ ಬಲವಾಗುತ್ತದೆ. ಅವರು ಆಗಲೇ ನೋವಿನ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಚಿಹ್ನೆ ಇಲ್ಲದಂತೆ ತೋರಬಹುದು, ಅದನ್ನೂ ಬರೆಯಬೇಕು. ನಿಮ್ಮ ಕೈಯ ಕೆಳಗೆ ಆ ಮನುಷ್ಯರ ಮುಖ ಹೇಗೆ ಕಿವಿಚಿಕೊಂಡಿತು ಎಂಬುದನ್ನು ಪರದೆಯ ಮುಂದೆ ಕುಳಿತ ನಾನು ಎಲ್ಲಿಂದ ತಿಳಿಯಲಿ?

ಕೆಲಸದ ಹಾಳೆಯಲ್ಲಿ "ಸಹಜ" ಮತ್ತು "ಕಾಣಲಿಲ್ಲ" ಎಂಬ ಎರಡು ಪದಗಳು ಬೆರೆತುಹೋಗುವುದು ನಾನು ದಿನವೂ ನೋಡುವ ದೋಷ. ಕರುಳಿನ ಗಾಳಿಯಿಂದಾಗಿ ಮೇದೋಜೀರಕ ಗ್ರಂಥಿಯ ಬಾಲ ಕಾಣದಿದ್ದರೆ ಕಾಣಲಿಲ್ಲವೆಂದು ಬರೆಯುವುದು ಅಸಾಮರ್ಥ್ಯವಲ್ಲ. ಕಾಣದ್ದನ್ನು ಬಿಟ್ಟು ಕಂಡಷ್ಟಕ್ಕೆ ಸಹಜವೆಂದು ಬರೆದರೆ ಓದುವವರು ಇಡೀ ಗ್ರಂಥಿ ಸಹಜವೆಂದೇ ತಿಳಿಯುತ್ತಾರೆ. ಅನುಮಾನವಿದ್ದಲ್ಲಿ ಸ್ಥಿರಚಿತ್ರದ ಬದಲು ಪ್ರೋಬನ್ನು ಅಂಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸುತ್ತಾ ಚಿಕ್ಕ ವಿಡಿಯೊ ತುಣುಕು ಉಳಿಸಿದರೆ ನನಗೆ ಕೊಂಚವಾದರೂ ನಿಮ್ಮ ಕಣ್ಣಿನಿಂದ ನೋಡಿದಂತಾಗುತ್ತದೆ. ಬ್ರಿಟನ್ನಿನಲ್ಲಿ ತರಬೇತಾದ ಸೋನೋಗ್ರಾಫರುಗಳು (ಅಲ್ಟ್ರಾಸೌಂಡ್ ತಂತ್ರಜ್ಞರು) ತಾವೇ ವರದಿ ಬರೆದು ಸಹಿ ಹಾಕುತ್ತಾರೆ. ಬೇರೆ ಹಲವೆಡೆ ಸಹಿ ವೈದ್ಯರದೇ. ಸಹಿ ಯಾರದಾದರೂ ಪ್ರೋಬ್ ಯಾರ ಕೈಯಲ್ಲಿದೆಯೋ ಅವರು ನೋಡಿದಷ್ಟೇ ವರದಿಯಲ್ಲಿ ಬರುತ್ತದೆ.

ಪ್ರತಿಧ್ವನಿ:

ರಕ್ತನಾಳಗಳ ಡಾಪ್ಲರ್ ಪರೀಕ್ಷೆ ಮಾಡುವವರಿಗೆ ಇದೇ ಮಾತು ಅಂಕಿಗಳಲ್ಲಿ ಅನುಭವಕ್ಕೆ ಬರುತ್ತದೆ, ಆದ್ದರಿಂದ ಒಂದು ಲೆಕ್ಕ ಮುಂದಿಡುತ್ತೇನೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬೆಳಕನ್ನು ಕುರಿತು ಹೇಳಿದ ತತ್ವವನ್ನೇ ನಾವು ರಕ್ತದ ವೇಗ ಅಳೆಯಲು ಬಳಸುತ್ತೇವೆ. ಯಂತ್ರಕ್ಕೆ ತಿಳಿಯುವುದು ಮರಳಿ ಬಂದ ಶಬ್ದದ ಫ್ರೀಕ್ವೆನ್ಸಿ ಎಷ್ಟು ಬದಲಾಯಿತು ಎಂಬುದಷ್ಟೆ. ರಕ್ತ ಯಾವ ದಿಕ್ಕಿನಲ್ಲಿ ಹರಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ಒಂದು ಪುಟ್ಟ ಗೆರೆಯನ್ನು ನಾಳಕ್ಕೆ ಸಮಾನಾಂತರವಾಗಿ ತಿರುಗಿಸಿ ನಾವೇ ಹೇಳಿಕೊಡಬೇಕು. ಶಬ್ದದ ಕಿರಣಕ್ಕೂ ಆ ಗೆರೆಗೂ ನಡುವಿನ ಕೋನದ ಕೊಸೈನ್‌ನಿಂದ ಭಾಗಿಸಿ ಯಂತ್ರ ವೇಗವನ್ನು ತೋರಿಸುತ್ತದೆ.

ಈಗ ಗೆರೆಯನ್ನು ತಿರುಗಿಸುವಾಗ ಕೈ 5 ಡಿಗ್ರಿ ತಪ್ಪಿತು ಎಂದುಕೊಳ್ಳೋಣ. ನಿಜವಾದ ಕೋನ 30 ಡಿಗ್ರಿ ಇದ್ದಾಗ 35 ಎಂದು ಹೇಳಿದರೆ ವೇಗ ಶೇ. 6ರಷ್ಟು ಹೆಚ್ಚಾಗಿ ಬರುತ್ತದೆ, ಅದನ್ನು ಸಹಿಸಬಹುದು. 60 ಇದ್ದಾಗ 65 ಎಂದರೆ ಶೇ. 18 ಹೆಚ್ಚು. 75 ಇದ್ದಾಗ 80 ಎಂದರೆ ಸುಮಾರು ಒಂದೂವರೆ ಪಟ್ಟು. 60 ಡಿಗ್ರಿ ದಾಟಬೇಡಿ ಎಂದು ನಮಗೆ ಗಿಣಿಪಾಠದಂತೆ ಕಲಿಸಿದ್ದು ಇದಕ್ಕಾಗಿಯೇ. ಮೆದುಳಿಗೆ ರಕ್ತ ಒಯ್ಯುವ, ಕುತ್ತಿಗೆಯ ಒಳ ಕೆರೋಟಿಡ್ ಅಪಧಮನಿಯಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ನಾಳ ಅರ್ಧದಷ್ಟಾದರೂ ಕಿರಿದಾಗಿರಬಹುದೆಂದು, 230 ದಾಟಿದರೆ ಶೇ. 70 ಅಥವಾ ಅದಕ್ಕೂ ಹೆಚ್ಚು ಕಿರಿದಾಗಿರಬಹುದೆಂದು ಭಾವಿಸುವುದು ರೂಢಿ. ನಿಜದಲ್ಲಿ 120 ಇದ್ದ ವೇಗ, 60ರ ಬದಲು 65 ಡಿಗ್ರಿ ಕೊಟ್ಟ ಒಂದೇ ತಪ್ಪಿನಿಂದ 142 ಎಂದು ಬರೆಯಲ್ಪಡುತ್ತದೆ. ಆರೋಗ್ಯವಾಗಿ ಒಳಬಂದ ಮನುಷ್ಯರು ಕಾಯಿಲೆಯ ಚೀಟಿ ಹಿಡಿದು ಹೊರಹೋಗುತ್ತಾರೆ. ಆ ಅಂಕಿ ಯಂತ್ರದಿಂದ ಬಂದದ್ದೆಂದು ಎಲ್ಲರೂ ನಂಬುತ್ತಾರೆ. ಅದರ ಹಿಂದೆ ಒಬ್ಬರ ಬೆರಳು ಇತ್ತೆಂಬುದು ನಮಗಷ್ಟೇ ಗೊತ್ತು.

ಹೊಸ ವಿದ್ಯಾರ್ಥಿ:

ಹಿರಿಯರಲ್ಲಿ ಒಂದು ಚಿಕ್ಕ ಸಂದೇಹ. ಈಗಿನ ಯಂತ್ರಗಳಲ್ಲಿ ಹೊಟ್ಟೆಗೆ, ಥೈರಾಯ್ಡ್‌ಗೆ, ಗರ್ಭಕ್ಕೆ ಎಂದು ಮೊದಲೇ ಹೊಂದಿಸಿಟ್ಟ ಪ್ರೀಸೆಟ್‌ಗಳಿರುತ್ತವೆ, ಒಂದೇ ಗುಂಡಿ ಒತ್ತಿದರೆ ಗೇನ್ (ಚಿತ್ರದ ಹೊಳಪು) ಕೂಡ ತಾನೇ ಸರಿಹೋಗುತ್ತದೆ. ಹೀಗಿರುವಾಗ ಕೈಯ ಪಾತ್ರ ದಿನೇ ದಿನೇ ಕಡಿಮೆಯಾಗುತ್ತಿದೆ ಎಂದು ತಿಳಿಯಬಹುದೇ?

ಹಳೆಯ ಪ್ರೋಬ್:

ಪ್ರೀಸೆಟ್ ಒಂದು ಸರಾಸರಿ ದೇಹಕ್ಕಾಗಿ ಮಾಡಿದ್ದು, ನಿಮ್ಮ ಮಂಚದ ಮೇಲಿರುವ ದೇಹಕ್ಕಾಗಿ ಅಲ್ಲ. ಯಂತ್ರ ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ನಂಬಿಕೊಂಡೇ ಎಲ್ಲ ದೂರವನ್ನೂ ಲೆಕ್ಕ ಹಾಕುತ್ತದೆ. ಕೊಬ್ಬಿನಲ್ಲಿ ಆ ವೇಗ ಸುಮಾರು 1450. ಐದು ಸೆಂ.ಮೀ. ಕೊಬ್ಬನ್ನು ದಾಟಿ ಬಂದ ಪ್ರತಿಧ್ವನಿ ತಡವಾಗಿ ಬರುವುದರಿಂದ ಅದರ ಹಿಂದಿನ ಅಂಗ ಮೂರು ಮಿ.ಮೀ.ನಷ್ಟು ಹೆಚ್ಚು ಆಳದಲ್ಲಿರುವಂತೆ ಕಾಣುತ್ತದೆ. ಯಂತ್ರಕ್ಕೆ ತಾನು ನಂಬಿದ್ದು ತಪ್ಪೆಂದು ತಿಳಿಯುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯು ಕನ್ನಡಿಯಂತೆ ವರ್ತಿಸಿ ಯಕೃತ್ತಿನಲ್ಲಿರುವ ಗಡ್ಡೆಯ ಪ್ರತಿಬಿಂಬವನ್ನು ಎದೆಯೊಳಗೆ ತೋರಿಸಿದಾಗಲೂ ಅದು ಇಲ್ಲದ ಗಡ್ಡೆಯೆಂದು ಯಂತ್ರ ಎಚ್ಚರಿಸುವುದಿಲ್ಲ. ಜೆಲ್ ಹಚ್ಚುವುದನ್ನೇ ನೋಡಿ: ಪ್ರೋಬ್ ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದವೆಲ್ಲ ಅಲ್ಲಿಂದಲೇ ಹಿಂತಿರುಗುತ್ತದೆ, ಪರದೆಯಲ್ಲಿ ಮೇಲಿನಿಂದ ಕೆಳಗೆ ಒಂದು ಕಪ್ಪು ಪಟ್ಟೆ ಬೀಳುತ್ತದೆ. ಅದೇ ಪಟ್ಟೆ ಜೆಲ್ ಹಚ್ಚಿದ ಮೇಲೂ ಅದೇ ಜಾಗದಲ್ಲಿ ನಿಂತರೆ ಪ್ರೋಬಿನೊಳಗೆ ಕೆಲವು ಸ್ಫಟಿಕಗಳು ಸತ್ತಿವೆ, ಬಹುಮಟ್ಟಿಗೆ ಯಾರೋ ಅದನ್ನು ಬೀಳಿಸಿ ಹೇಳದೆ ಹೋಗಿದ್ದಾರೆ. ಸ್ವಯಂ ಗೇನ್ ಗುಂಡಿ ಆ ಪಟ್ಟೆಯನ್ನೂ ಬೆಳಗಿಸಲು ಹೊರಡುತ್ತದೆ.

ಮಂದಬೆಳಕು:

ಹಳೆಯ ಪ್ರೋಬ್ ಅವರೇ, ನಿಮ್ಮ ಪ್ರಶ್ನೆಗೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಆಕೆ ಆ ದಿನದ ಹತ್ತೊಂಬತ್ತನೆಯ ರೋಗಿ. ಹೊರಳಿಸಬೇಕೆಂದು ಗೊತ್ತಿತ್ತು. ಸಮಯವಿರಲಿಲ್ಲವೆಂದು ಸಹೋದ್ಯೋಗಿಗಳಿಗೆ ಹೇಳಿಕೊಂಡಿದ್ದೇನೆ, ಆದರೆ ಅದು ಪೂರ್ತಿ ನಿಜವಲ್ಲ. ಕಳೆದ ಒಂದು ವರ್ಷದಿಂದ ನನ್ನ ಬಲಭುಜ ನೋಯುತ್ತಿದೆ. ಮಧ್ಯಾಹ್ನದ ಮೇಲೆ ಕೈಯನ್ನು ದೇಹದಿಂದ ದೂರ ಚಾಚಿದರೆ ಭುಜದ ಒಳಗೆ ಸೂಜಿ ತಿರುಗಿಸಿದಂತಾಗುತ್ತದೆ. ಎಡ ಮಗ್ಗುಲಿಗೆ ಹೊರಳಿದ ರೋಗಿಯ ಬೆನ್ನು ನನ್ನ ಕಡೆಗಿರುತ್ತದೆ, ಅವರ ಸೊಂಟದ ಮೇಲಿನಿಂದ ಕೈ ಚಾಚಿ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿಯಬೇಕು. ನನ್ನ ಮಂಚದ ಎತ್ತರ ಬದಲಿಸುವ ಪೆಡಲ್ ಕೆಟ್ಟು ಐದು ತಿಂಗಳಾಯಿತು, ಅದು ಎತ್ತರದಲ್ಲಿಯೇ ನಿಂತಿದೆ. ಆ ಹೊತ್ತಿನಲ್ಲಿ ನನ್ನ ಭುಜ ಬೇಡವೆಂದಿತು, ನಾನು ಕೇಳಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಎಡಗೈ:

ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇದನ್ನು ಸೇರಿಸದೆ ಹೊಣೆಯ ಚರ್ಚೆ ಅರ್ಧವೇ ಉಳಿಯುತ್ತಿತ್ತು. ನಾನು ಹೃದಯದ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುತ್ತೇನೆ. ನಮ್ಮ ವೃತ್ತಿಯವರನ್ನು ಕೇಳಿ ನಡೆಸಿದ ಹಲವು ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟು ಜನರಿಗಿಂತ ಹೆಚ್ಚು ಮಂದಿ ನೋವಿನಲ್ಲಿಯೇ ಸ್ಕ್ಯಾನ್ ಮಾಡುತ್ತಿರುವುದಾಗಿ ಹೇಳಿದ್ದಾರೆ. ಭುಜ, ಕುತ್ತಿಗೆ, ಮಣಿಕಟ್ಟು, ಸೊಂಟ, ಎಲ್ಲವೂ ಆ ಪಟ್ಟಿಯಲ್ಲಿವೆ. ನನ್ನ ಬಲಭುಜ ಆರನೆಯ ವರ್ಷ ಕೈಕೊಟ್ಟಿತು, ನಾಲ್ಕು ತಿಂಗಳು ಮನೆಯಲ್ಲಿ ಕುಳಿತೆ. ಮರಳಿ ಬಂದಮೇಲೆ ಎಡಗೈಯಲ್ಲಿ ಕಲಿತೆ. ಮೊದಲ ಮೂರು ತಿಂಗಳು ಎಳೆಮಗು ಚಮಚ ಹಿಡಿದಂತೆ ಪ್ರೋಬ್ ಹಿಡಿದಿದ್ದೆ, ಈಗ ಎರಡೂ ಕೈ ನಡೆಯುತ್ತದೆ.

ಮುಖ್ಯವಾದದ್ದು ಕಂಕುಳಿನ ಕೋನ. ತೋಳು ದೇಹದಿಂದ 30 ಡಿಗ್ರಿಗಿಂತ ಹೆಚ್ಚು ದೂರ ಹೋಗಬಾರದು. ಹೋಗದಿರಬೇಕಾದರೆ ರೋಗಿ ನಿಮ್ಮ ಕಡೆಯ ಅಂಚಿಗೆ, ಇನ್ನೇನು ಬೀಳುತ್ತಾರೇನೋ ಎನ್ನುವಷ್ಟು ಹತ್ತಿರ ಬರಬೇಕು. ಹಾಗೆ ಕರೆಯಲು ನಮಗೆ ಸಂಕೋಚ. "ಇನ್ನೂ ಸ್ವಲ್ಪ ನನ್ನ ಕಡೆ ಬನ್ನಿ, ಇನ್ನೂ ಸ್ವಲ್ಪ" ಎಂದು ಎರಡು ಬಾರಿ ಹೇಳುವುದಕ್ಕಿಂತ ನಾವೇ ಬಾಗುವುದು ಸುಲಭವೆನಿಸುತ್ತದೆ. ದಿನಕ್ಕೆ ಇಪ್ಪತ್ತು ಬಾರಿ ಬಾಗಿದ ಸಂಕೋಚವೆಲ್ಲ ಭುಜದಲ್ಲಿ ಜಮೆಯಾಗುತ್ತದೆ. ಮೊಣಕೈ ಕೆಳಗೆ ಸುತ್ತಿದ ಟವೆಲ್ ಇಟ್ಟು ತೋಳಿನ ಭಾರವನ್ನು ಮಂಚಕ್ಕೆ ಕೊಡಿ. ಕೇಬಲನ್ನು ಕುತ್ತಿಗೆಗೆ ಸುತ್ತಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ, ಮುಂಗೈಗೆ ಒಂದು ಪಟ್ಟಿ ಕಟ್ಟಿ ಅದರಲ್ಲಿ ಸಿಕ್ಕಿಸಿ. ಪ್ರೋಬನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯದೆ ಅಂಗೈ ತುಂಬ ಹಿಡಿಯಿರಿ. ಪರದೆ ಕಣ್ಣಿನ ನೇರಕ್ಕಿರಲಿ. ಎತ್ತರದಲ್ಲಿ ನಿಂತುಹೋದ ಮಂಚದಲ್ಲಿ ಇವುಗಳಲ್ಲಿ ಅರ್ಧ ಆಗುವುದೇ ಇಲ್ಲವಾದ್ದರಿಂದ ಆ ಪೆಡಲನ್ನು ಪಿತ್ತಕೋಶದ ಕಥೆಯ ಒಂದು ಪಾತ್ರವೆಂದೇ ನಾನು ಎಣಿಸುತ್ತೇನೆ.

ನೇರಮಾತು:

ಇಲ್ಲಿಯವರೆಗಿನ ಉತ್ತರಗಳೆಲ್ಲ ಒಬ್ಬ ತಂತ್ರಜ್ಞೆಯ ಕೈಯ ಸುತ್ತಲೇ ತಿರುಗುತ್ತಿವೆ, ಅದಕ್ಕೆ ನನ್ನ ಆಕ್ಷೇಪವಿದೆ. ಕೆಟ್ಟ ಪೆಡಲನ್ನು ಐದು ತಿಂಗಳು ರಿಪೇರಿ ಮಾಡಿಸದವರು ಯಾರು? ಹತ್ತೊಂಬತ್ತನೆಯ ರೋಗಿಯನ್ನು ಹದಿನೆಂಟನೆಯವರ ಬೆನ್ನಿಗೇ ಒಳಗೆ ಕಳುಹಿಸಿದವರು ಯಾರು? ಕೈಯ ಹೊಣೆ ಎಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾ ಹೋದರೆ ಮೇಲಿನವರು ಅದನ್ನು ಸಂತೋಷದಿಂದ ಒಪ್ಪಿಕೊಂಡು, ನಾಳೆ ಇಪ್ಪತ್ತೈದು ಮಂದಿಯನ್ನು ಕಳುಹಿಸುತ್ತಾರೆ.

ಹಳೆಯ ಪ್ರೋಬ್:

ನೇರಮಾತು ಅವರೇ, ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಮೇಲಿನವರ ಮುಂದೆ "ಕೆಲಸ ಹೆಚ್ಚಾಗಿದೆ" ಎಂದು ಹೇಳಿದರೆ ಅದು ಗೊಣಗಾಟವಾಗುತ್ತದೆ. "ಈ ಮಂಚದಲ್ಲಿ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ನೋಡಲಾಗುತ್ತಿಲ್ಲ, ಇದರಿಂದ ಒಂದು ಕಲ್ಲು ತಪ್ಪಿದೆ" ಎಂದು ಲಿಖಿತವಾಗಿ ಕೊಟ್ಟರೆ ಅದು ಕಡತಕ್ಕೆ ಸೇರುತ್ತದೆ, ಉತ್ತರ ಕೊಡಲೇಬೇಕಾಗುತ್ತದೆ. ತನ್ನ ಕೈ ಏನನ್ನು ಬಿಟ್ಟಿತೆಂದು ಒಪ್ಪಿಕೊಳ್ಳದವರಿಗೆ ಆ ಪತ್ರವನ್ನು ಬರೆಯಲಾಗುವುದಿಲ್ಲ.

ಮೌನಿ:

ಮಂದಬೆಳಕು ಅವರ ಮೊದಲ ಬರಹದ ಒಂದು ಸಾಲನ್ನು ಎಲ್ಲರೂ ದಾಟಿಹೋಗಿದ್ದೀರಿ: "ಏನೂ ಕಾಣುತ್ತಿಲ್ಲ, ಗಾಬರಿಯಾಗಬೇಡಿ." ಆಕೆ ನೆನಪಿಟ್ಟುಕೊಂಡದ್ದು ವೈದ್ಯರ ವರದಿಯನ್ನಲ್ಲ, ಆ ಮಾತನ್ನು. "ಕಾಣುತ್ತಿಲ್ಲ" ಎಂದು ನಾವು ಹೇಳಿದ್ದು ಅವರ ಕಿವಿಯಲ್ಲಿ "ಇಲ್ಲ" ಎಂದು ಇಳಿಯುತ್ತದೆ.

ನಾನು ಹೆಚ್ಚಾಗಿ ಗರ್ಭದ ಸ್ಕ್ಯಾನ್ ಮಾಡುತ್ತೇನೆ. ಒಂದು ಸಲ ಎಂಟನೆಯ ವಾರವೆಂದು ಬಂದಿದ್ದ ಹೆಂಗಸಿನ ಪಕ್ಕದಲ್ಲಿ ಅವರ ತಾಯಿ ಕುಳಿತಿದ್ದರು. ಭ್ರೂಣ ಕಂಡಿತು, ಬಡಿತ ಕಾಣಲಿಲ್ಲ. ನೆತ್ತಿಯಿಂದ ಬುಡದವರೆಗೆ ಅಳೆದರೆ 9 ಮಿ.ಮೀ. ಇತ್ತು. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ 7 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಭ್ರೂಣದಲ್ಲಿ ಬಡಿತವಿಲ್ಲದಿದ್ದರೆ ಗರ್ಭ ಉಳಿದಿಲ್ಲವೆಂದು ಹೇಳಬಹುದು. ಅದಕ್ಕಿಂತ ಚಿಕ್ಕದಾಗಿದ್ದರೆ ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಆ ಎರಡು ಮಿ.ಮೀ. ಅಂತರವೆಂದರೆ ಅಳತೆಯ ಗುರುತನ್ನು ಸರಿಸುವ ಟ್ರ್ಯಾಕ್‌ಬಾಲನ್ನು ಒಂದು ಎಳೆಯಷ್ಟು ತಿರುಗಿಸುವುದು, ಅಷ್ಟೆ. ಆದ್ದರಿಂದ ಮೂರು ಬಾರಿ ಅಳೆದೆ. ಚಲನೆಯನ್ನು ಅಲೆಯಾಗಿ ತೋರಿಸುವ ಎಂ-ಮೋಡ್ ಗೆರೆಯನ್ನು ಭ್ರೂಣದ ಮೇಲೆ ಹಾಯಿಸಿದೆ; ಎಳೆಯ ಗರ್ಭದ ಮೇಲೆ ಪಲ್ಸ್ ಡಾಪ್ಲರಿನ ಶಕ್ತಿಯನ್ನು ಸುಮ್ಮನೆ ಸುರಿಯಬಾರದೆಂಬ ನಿಯಮವನ್ನು ಅಂಥ ಹೊತ್ತಿನಲ್ಲಿಯೂ ಬಿಡಬಾರದು. ಬಡಿತವಿದ್ದರೆ ಅಲೆಯಾಗಿ ಮೂಡಬೇಕಾದ ಗೆರೆ ನೇರವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಆ ತಾಯಿ "ಏನಮ್ಮಾ, ಯಾಕೆ ಮಾತೇ ಆಡ್ತಿಲ್ಲ ನೀನು?" ಎಂದರು. ನಾನು ಏನೂ ಹೇಳಿರಲಿಲ್ಲ, ಆದರೆ ನನ್ನ ಮೌನ ಆಗಲೇ ಹೇಳಿಬಿಟ್ಟಿತ್ತು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಜೆಲ್ ಹಚ್ಚುವ ಮೊದಲೇ, ಎಲ್ಲರಿಗೂ, ಹೀಗೆ ಹೇಳುತ್ತೇನೆ: "ಮೊದಲು ಹತ್ತು ನಿಮಿಷ ನಾನು ಅಳತೆ ತೆಗೆಯುತ್ತೇನೆ, ಆಗ ಮಾತನಾಡುವುದಿಲ್ಲ. ಸುಮ್ಮನಿದ್ದೇನೆ ಎಂದರೆ ಏನೋ ಆಗಿದೆ ಎಂದು ತಿಳಿಯಬೇಡಿ. ಚಿತ್ರಗಳನ್ನು ವೈದ್ಯರು ನೋಡಿ ತಿಳಿಸುತ್ತಾರೆ." ಮೊದಲೇ ಹೇಳಿದ ಮೌನವನ್ನು ಜನ ಸಹಿಸಿಕೊಳ್ಳುತ್ತಾರೆ. ಕೆಟ್ಟ ಸುದ್ದಿ ಇದ್ದಾಗ ವೈದ್ಯರನ್ನು ಅಲ್ಲಿಗೇ ಕರೆಸುತ್ತೇನೆ. ರೋಗಿಯನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸುವುದಿಲ್ಲ.

ನೇರಮಾತು:

ಇದರಲ್ಲಿಯೂ ನನಗೆ ಪೂರ್ತಿ ಸಮ್ಮತಿಯಿಲ್ಲ. ಮೂತ್ರಪಿಂಡದ ಕಲ್ಲು ಪರದೆಯ ಮೇಲೆ ಮಿನುಗುತ್ತಿರುವಾಗ, ರೋಗಿಯೂ ಅದನ್ನೇ ನೋಡುತ್ತಿರುವಾಗ, "ವೈದ್ಯರನ್ನು ಕೇಳಿ" ಎನ್ನುವುದು ಒಂದು ಬಗೆಯ ಕಳ್ಳಾಟ. ಅವರೇನು ದಡ್ಡರೇ?

ಮೌನಿ:

ದಡ್ಡರಲ್ಲ. ಆದ್ದರಿಂದಲೇ ನಾನು "ಗೊತ್ತಿಲ್ಲ" ಎನ್ನುವುದಿಲ್ಲ, ಅದು ಸುಳ್ಳು. "ಕೆಲವು ಚಿತ್ರ ತೆಗೆದಿದ್ದೇನೆ, ಅವುಗಳ ಅರ್ಥವನ್ನು ಹೇಳಬೇಕಾದವರು ವೈದ್ಯರು, ಇವತ್ತೇ ಹೇಳುತ್ತಾರೆ" ಎನ್ನುತ್ತೇನೆ. ಪರದೆಯಲ್ಲಿ ಮಿನುಗಿದ್ದೆಲ್ಲ ಕಲ್ಲಾಗಿರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಕೆಟ್ಟ ಸುದ್ದಿಯನ್ನು ಬಚ್ಚಿಡುವುದಕ್ಕಿಂತ ಒಳ್ಳೆಯ ಸುದ್ದಿಯನ್ನು ಬೇಗ ಕೊಟ್ಟುಬಿಡುವ ಚಪಲವೇ ನನಗೆ ಹೆಚ್ಚು ಅಪಾಯಕಾರಿಯಾಗಿ ತೋರುತ್ತದೆ, ಏಕೆಂದರೆ ಅದು ಕರುಣೆಯ ವೇಷದಲ್ಲಿ ಬರುತ್ತದೆ.

ಕತ್ತಲೆಕೋಣೆ:

ಒಂದು ಹಳೆಯ ಪ್ರಸಂಗ ನೆನಪಾಯಿತು, ವಿಷಯಕ್ಕೆ ಹತ್ತಿರವಿರುವುದರಿಂದ ಹೇಳುತ್ತೇನೆ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯರು ಲೋಹದ ಬಿರುಕು ಹುಡುಕಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಯಂತ್ರದಿಂದ ಆರಂಭಿಸಿ, ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್ ಮತ್ತು ಜಾನ್ ಮೆಕ್‌ವಿಕಾರ್ ಎಂಬ ವೈದ್ಯರ ಜೊತೆ ಹೊಟ್ಟೆಯ ಗಡ್ಡೆಗಳನ್ನು ಪರೀಕ್ಷಿಸಿದರು. 1958ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮೂವರ ಲೇಖನ ಬಂತು. ಅವರು ನೋಡಿದವರಲ್ಲಿ ಶಸ್ತ್ರಚಿಕಿತ್ಸೆಗೂ ಮೀರಿದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಮಹಿಳೆಯೊಬ್ಬರಿದ್ದರು. ಅಲ್ಟ್ರಾಸೌಂಡಿನಲ್ಲಿ ಅದು ನೀರು ತುಂಬಿದ ಅಂಡಾಶಯದ ಚೀಲವೆಂದು ಕಂಡು, ತೆಗೆದುಹಾಕಿದ ಮೇಲೆ ಆಕೆ ಬದುಕಿದರು. ಆ ಲೇಖನದಲ್ಲಿ ಎಂಜಿನಿಯರನ ಹೆಸರೂ ವೈದ್ಯರ ಹೆಸರಿನ ಜೊತೆಗೇ ಇತ್ತು. ನನ್ನ ವರದಿಗಳಲ್ಲಿ ಸ್ಕ್ಯಾನ್ ಮಾಡಿದ ತಂತ್ರಜ್ಞರ ಹೆಸರು ಕೆಳಗಿನ ಮೂಲೆಯಲ್ಲಿ ಸಂಕೇತಾಕ್ಷರಗಳಾಗಿ ಮಾತ್ರ ಬರುತ್ತದೆ. ಅದನ್ನು ಬದಲಿಸಬೇಕೆಂದು ನಮ್ಮ ವಿಭಾಗದಲ್ಲಿ ಕೇಳಿದ್ದೇನೆ.

ಮಂದಬೆಳಕು:

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ.

ಹಳೆಯ ಪ್ರೋಬ್ ಅವರು ಹೇಳಿದಂತೆ ಮಂಚದ ವಿಷಯವನ್ನು ತಪ್ಪಿದ ಕಲ್ಲಿನ ಉಲ್ಲೇಖದೊಂದಿಗೆ ಲಿಖಿತವಾಗಿ ಕೊಟ್ಟೆ. ಬರೆಯುವಾಗ ಕೈ ನಡುಗಿತು. ಪೆಡಲ್ ಹನ್ನೊಂದನೆಯ ದಿನ ರಿಪೇರಿಯಾಯಿತು. ರೋಗಿಗಳ ಸಂಖ್ಯೆ ಮಾತ್ರ ಹಾಗೆಯೇ ಇದೆ, ನೇರಮಾತು ಅವರು ನಕ್ಕರೆ ನಗಲಿ. ಭುಜಕ್ಕೆ ಫಿಸಿಯೋಥೆರಪಿ ನಡೆಯುತ್ತಿದೆ. ಥೈರಾಯ್ಡ್ ಸ್ಕ್ಯಾನುಗಳನ್ನು ಎಡಗೈಯಲ್ಲಿ ಮಾಡಲು ಆರಂಭಿಸಿದ್ದೇನೆ, ಚಿತ್ರ ಇನ್ನೂ ನಡುಗುತ್ತದೆ.

ನಿನ್ನೆ ಸಂಜೆ ಹದಿನೇಳನೆಯವರಾಗಿ ವಯಸ್ಸಾದವರೊಬ್ಬರು ಬಂದರು, ಬಲಗಡೆಯ ನೋವು. ಅಂಗಾತ ಮಲಗಿದ್ದಾಗ ಪಿತ್ತಕೋಶ ಶುಭ್ರವಾಗಿತ್ತು. ಮಂಚ ಇಳಿಸಿ, ಅಂಚಿಗೆ ಕರೆದು, ಎಡ ಮಗ್ಗುಲಿಗೆ ಹೊರಳಿಸಿ, ಮೊಣಕೈ ಕೆಳಗೆ ಟವೆಲ್ ಇಟ್ಟುಕೊಂಡು ನೋಡಿದೆ. ಕತ್ತಿನವರೆಗೂ ಏನೂ ಇರಲಿಲ್ಲ. ಪ್ರೋಬಿನಿಂದ ಒತ್ತಿದಾಗ ಅಲ್ಲಿಯೇ ಹೆಚ್ಚಿನ ನೋವೂ ಇರಲಿಲ್ಲ. ಹಾಳೆಯಲ್ಲಿ ಹೀಗೆ ಬರೆದೆ: "ಅಂಗಾತ ಮತ್ತು ಎಡ ಮಗ್ಗುಲಲ್ಲಿ ನೋಡಿದೆ, ಕತ್ತು ಪೂರ್ತಿ ಕಂಡಿದೆ, ಕಲ್ಲು ಕಂಡಿಲ್ಲ, ಮರ್ಫಿ ಚಿಹ್ನೆಯಿಲ್ಲ, ನೋವಿನ ಮದ್ದು ತೆಗೆದುಕೊಂಡಿಲ್ಲ; ಮೇದೋಜೀರಕ ಗ್ರಂಥಿಯ ಬಾಲ ಗಾಳಿಯಿಂದಾಗಿ ಕಂಡಿಲ್ಲ." ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ "ಎಲ್ಲ ಸರಿ ಇದೆ ತಾನೇ?" ಎಂದು ಕೇಳಿದರು. ನಾನು ಜೆಲ್ ಒರೆಸಿಕೊಳ್ಳಲು ಇನ್ನೊಂದು ಬಟ್ಟೆ ಕೊಟ್ಟು, ವೈದ್ಯರು ಅರ್ಧ ಗಂಟೆಯೊಳಗೆ ಕರೆಯುತ್ತಾರೆ, ಅಲ್ಲಿಯವರೆಗೆ ಹೊರಗೆ ಫ್ಯಾನಿನ ಕೆಳಗೆ ಕುಳಿತಿರಿ ಎಂದೆ.